ಮಿಲ್ಲು ಎಲ್ಲಿಗೆ ಓಡಿತು? ‘ರನ್’ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಹೊರಗಿನ ಪಾರ್ಟಿಗಳ ಇಂಗ್ಲಿಷ್ ಮೇಲ್ ಓದಿ ಮಾಲೀಕರಿಗೆ ಅರ್ಥ ಹೇಳುವುದೂ ನನ್ನ ತಲೆಗೇ ಬಂದಿದೆ. ಹೋದ ವಾರ ಒಂದೇ ಮೇಲ್‌ನಲ್ಲಿ ಮೂರು ಸಲ ‘ರನ್’ ಬಂತು. ‘ಯು ಆರ್ ರನ್ನಿಂಗ್ ಔಟ್ ಆಫ್ ಓಲ್ಡ್ ಸ್ಟಾಕ್’ ಅಂತ ಒಂದು. ‘ಪ್ಲೀಸ್ ರನ್ ದ ನ್ಯೂ ರೇಟ್ ಬೈ ಯುವರ್ ಓನರ್’ ಅಂತ ಇನ್ನೊಂದು. ಕೊನೆಗೆ ‘ಯುವರ್ ರೈಸ್ ಈಸ್ ನಾಟ್ ರನ್ ಆಫ್ ದ ಮಿಲ್’. ನನಗೆ ಗೊತ್ತಿರುವ ರನ್ ಔಟ್ ಕ್ರಿಕೆಟ್‌ನದು ಮಾತ್ರ. ಮೂರನೆಯದನ್ನು ‘ನಿಮ್ಮ ಅಕ್ಕಿ ನಿಮ್ಮ ಮಿಲ್‌ನಲ್ಲಿ ಓಡಿಸಿದ್ದಲ್ಲ’ ಅಂತ ಹೇಳಿದೆ. ಮಾಲೀಕರು ಕೆಂಡವಾಗಿದ್ದಾರೆ. ಒಂದು ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಇದನ್ನು ಕಲಿಯೋದು ಹೇಗೆ?

ಉತ್ತರ: ಮೊದಲು ಒಂದು ಅರ್ಜೆಂಟ್ ಮಾತು. ಮಾಲೀಕರು ಆ ಪಾರ್ಟಿಗೆ ಸಿಟ್ಟಿನ ಉತ್ತರ ಬರೆಸುವವರಿದ್ದರೆ ಇವತ್ತು ತಡೆಯಿರಿ. ಮೂರನೆಯ ವಾಕ್ಯದಲ್ಲಿ ಬೈಗುಳ ಇಲ್ಲ. ಅದನ್ನು ಕೊನೆಗೆ ಬಿಡಿಸುತ್ತೇನೆ, ಯಾಕಂದ್ರೆ ಅದರ ಬೇರು ನಿಮ್ಮ ಮಿಲ್‌ನಲ್ಲೂ ಇದೆ, ನಮ್ಮ ಸಂಡೂರಿನ ಗಣಿಯಲ್ಲೂ ಇದೆ.

ಮೊದಲ ವಾಕ್ಯ ಸುಲಭ. ನಿಮ್ಮಲ್ಲಿ ಹಳೇ ಸ್ಟಾಕ್ ಖಾಲಿಯಾಗ್ತಾ ಬಂದಿದೆ ಅಂತ ಅರ್ಥ. ಎರಡನೆಯದು, ಹೊಸ ರೇಟನ್ನು ಮಾಲೀಕರ ಕಿವಿಗೆ ಒಮ್ಮೆ ಹಾಕಿ, ಏನಂತಾರೆ ನೋಡಿ ಅಂತ. ಅಷ್ಟೇ. ಯಾರೂ ಎಲ್ಲಿಗೂ ಓಡಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಒಂದು ಪದಕ್ಕೆ ಇಷ್ಟೊಂದು ಅರ್ಥ ಯಾಕೆ ಅಂದಿರಿ. ಇಂಗ್ಲಿಷಿನ ದೊಡ್ಡ ನಿಘಂಟು ಆಕ್ಸ್‌ಫರ್ಡಿನದು. ಅದರ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪದ ‘ಸೆಟ್’. ಆಮೇಲೆ ನಿಘಂಟನ್ನು ಮತ್ತೆ ತಿದ್ದಿ ಬರೆಯುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದ ಒಂದಕ್ಕೇ 645 ಅರ್ಥ! ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಬರೀ ಈ ಒಂದು ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತಿದ್ದರು. ಒಂದು ಮಗು ಹುಟ್ಟುವಷ್ಟು ಹೊತ್ತು ನೋಡಿ. ಹಾಗಾಗಿ ನೀವು ಒಂದು ಮಧ್ಯಾಹ್ನದಲ್ಲಿ ತಪ್ಪಿದ್ದಕ್ಕೆ ನಾಚಿಕೆ ಬೇಡ.

ಆದರೆ ಆ 645 ನೋಡಿ ಹೆದರಬೇಡಿ. ನಿಮಗೆ ಈಗಾಗಲೇ ಇಂಥದೇ ಒಂದು ಪದ ಪೂರ್ತಿ ಗೊತ್ತು. ಯಾರೂ ಹೇಳಿಕೊಟ್ಟಿಲ್ಲ, ಯಾವ ಪರೀಕ್ಷೆಯೂ ಕೊಟ್ಟಿಲ್ಲ. ಅದು ‘ಹೊಡಿ’.

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದರೆ ಮೊದಲು ಕಸ ಹೊಡೀತಾರೆ. ಅಪ್ಪ ಹೊಲಕ್ಕೆ ಹೋಗಿ ಗಳೆ ಹೊಡೀತಿದ್ದರು. ಮೆಣಸಿನ ಗಿಡಕ್ಕೆ ಔಷಧ ಹೊಡೀತಾರೆ. ಟ್ರ್ಯಾಕ್ಟರ್‌ನಲ್ಲಿ ತಿಪ್ಪೆಗೊಬ್ಬರ ಹೊಡೀತಾರೆ. ದೀಪಾವಳಿಗೆ ಗೋಡೆಗೆ ಬಣ್ಣ ಹೊಡೀತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ಒಗ್ಗರಣೆ ಮಿರ್ಚಿ ಹೊಡೆದು ಬರ್ತೀವಿ. ಕಾಲೇಜಿನಲ್ಲಿ ಕಾಪಿ ಹೊಡೀತಾರೆ, ಕಣ್ಣು ಹೊಡೀತಾರೆ. ಕಟ್ಟೆಯ ಮೇಲೆ ಹರಟೆ ಹೊಡೀತಾರೆ, ರಾತ್ರಿ ಗೊರಕೆ ಹೊಡೀತಾರೆ. ಚರಂಡಿ ವಾಸನೆ ಹೊಡೆಯುತ್ತೆ, ಗಂಟೆ ಹನ್ನೆರಡು ಹೊಡೆಯುತ್ತೆ, ಅದೃಷ್ಟ ಇದ್ದರೆ ಲಾಟರಿಯೂ ಹೊಡೆಯುತ್ತೆ. ಇಷ್ಟರಲ್ಲಿ ಒಬ್ಬನಿಗಾದರೂ ಪೆಟ್ಟು ಬಿತ್ತಾ? ಇಲ್ಲ ಅಲ್ವಾ. ಕಸದ ಪಕ್ಕ ‘ಹೊಡಿ’ ಬಂದರೆ ಏನು, ಗೊರಕೆಯ ಪಕ್ಕ ಬಂದರೆ ಏನು ಅಂತ ನೀವು ಪಕ್ಕದ ಪದ ನೋಡಿಯೇ ತಿಳಿದುಕೊಂಡಿರಿ. ಇಂಗ್ಲಿಷ್ ಮಾತಾಡುವ ಮನೆಯ ಮಕ್ಕಳೂ ‘ರನ್’ ಅನ್ನು ಹಾಗೇ ಕಲಿಯುತ್ತಾರೆ. ‘ರನ್ ಅಂದರೆ ಓಡು’ ಅಂತ ಒಂದೇ ಕನ್ನಡ ಪದವನ್ನು ಅದರ ಹಣೆಗೆ ಅಂಟಿಸಿಕೊಂಡು ಓದಿದವರು ನಾವು. ಅಂಟಿಸಿಕೊಟ್ಟವರು ನನ್ನಂಥ ಮೇಷ್ಟ್ರುಗಳು. ನಾನು ಬಳ್ಳಾರಿಯಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು, ಈ ಪಾಪದಲ್ಲಿ ನನ್ನದೂ ಪಾಲಿದೆ.

ಹಾಗಾದರೆ ರನ್‌ನ ಒಳಗೆ ಏನಿದೆ? ಕಾಲಿಗಿಂತ ಜಾಸ್ತಿ ನೀರಿದೆ ಅಂತ ನಾನು ಹೇಳುತ್ತೇನೆ. ಈ ಪದದ ದಾಯಾದಿಗಳು ಜರ್ಮನ್ ಭಾಷೆಯಲ್ಲಿ ಇನ್ನೂ ಬೇರೆ ಬೇರೆ ಮನೆ ಮಾಡಿಕೊಂಡಿವೆ: ‘ರಿನ್ನೆನ್’ ಅಂದರೆ ಹರಿ, ‘ರೆನ್ನೆನ್’ ಅಂದರೆ ಓಡು. ಹಳೆಯ ಇಂಗ್ಲಿಷಿನಲ್ಲೂ ತಾನೇ ಓಡುವುದಕ್ಕೆ, ಹರಿಯುವುದಕ್ಕೆ ಒಂದು ರೂಪ, ಓಡಿಸುವುದಕ್ಕೆ ಇನ್ನೊಂದು ರೂಪ ಇತ್ತು. ಕಾಲಕ್ರಮದಲ್ಲಿ ಎಲ್ಲ ಕೂಡಿ ಒಂದೇ ‘ರನ್’ ಆಯಿತು. ನಮ್ಮಲ್ಲಿ ಓಡು ಬೇರೆ, ಓಡಿಸು ಬೇರೆ, ಹರಿ ಬೇರೆ, ಹರಿಸು ಬೇರೆ, ನಡೆ ಬೇರೆ, ನಡೆಸು ಬೇರೆ. ಇಂಗ್ಲಿಷಿನವರು ಈ ಆರನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದಾರೆ. ಇನ್ನೊಂದು ಮಜಾ ಇದೆ. ಹಳಗನ್ನಡದಲ್ಲಿ ‘ಪರಿ’ ಅಂದರೆ ಹರಿಯುವುದೂ ಹೌದು, ಓಡುವುದೂ ಹೌದು. ಅದೇ ಪದ ಈಗಿನ ‘ಹರಿ’. ಕಿಟೆಲ್ ಅವರ 1894ರ ನಿಘಂಟು ಕೈಗೆ ಸಿಕ್ಕರೆ ಆ ಪುಟ ತೆಗೆದು ನೋಡಿ. ಅಂದರೆ ನೀರು ಹರಿಯೋದು, ಕುದುರೆ ಓಡೋದು ಎರಡೂ ಒಂದೇ ಥರ ಅಂತ ನಮ್ಮ ಹಿರಿಯರಿಗೂ ಕಂಡಿತ್ತು. ಆಮೇಲೆ ನಾವು ಓಡೋದನ್ನು ‘ಓಡು’ಗೆ ಬಿಟ್ಟುಕೊಟ್ಟೆವು.

ಹಾಗಾಗಿ ರನ್ ಬಂದ ಕೂಡಲೇ ‘ಓಡೋರು ಯಾರು’ ಅಂತ ಕೇಳಿಕೊಳ್ಳಿ. ಮನುಷ್ಯನೋ ನಾಯಿಯೋ ಆಗಿದ್ದರೆ ಓಡು. ನೀರು, ಮೂಗು, ನಲ್ಲಿ, ಕಣ್ಣೀರು ಆಗಿದ್ದರೆ ಹರಿ ಅಥವಾ ಸೋರು. ಮಷೀನು, ಬಸ್ಸು, ಸಾಫ್ಟ್‌ವೇರ್ ಆಗಿದ್ದರೆ ನಡೆ. ಅಂಗಡಿ, ಶಾಲೆ, ಮಿಲ್ಲು ಕರ್ಮಪದವಾಗಿ ಹಿಂದೆ ಬಂದರೆ ನಡೆಸು: ‘ಹಿ ರನ್ಸ್ ಎ ರೈಸ್ ಮಿಲ್’ ಅಂದರೆ ಅವರು ರೈಸ್ ಮಿಲ್ ನಡೆಸ್ತಾರೆ. ಮುಕ್ಕಾಲು ಕೆಲಸ ಇಲ್ಲಿಗೇ ಮುಗಿಯಿತು.

ರಸ್ತೆ, ಕಾಲುವೆ, ಗೋಡೆ ಬಂದಾಗ ಮಾತ್ರ ಸ್ವಲ್ಪ ನಿಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತಿರುವುದೇ. ‘ದ ಕೆನಾಲ್ ರನ್ಸ್ ಪಾಸ್ಟ್ ಅವರ್ ವಿಲೇಜ್’ ಅಂದರೆ ಕಾಲುವೆ ನಮ್ಮೂರ ಪಕ್ಕ ಹಾದು ಹೋಗುತ್ತೆ. ಏಪ್ರಿಲ್ ತಿಂಗಳು, ಕಾಲುವೆಯಲ್ಲಿ ಒಂದು ತಂಬಿಗೆ ನೀರಿಲ್ಲ, ಹುಡುಗರು ಒಳಗೆ ಕ್ರಿಕೆಟ್ ಆಡ್ತಿದ್ದಾರೆ, ಆಗಲೂ ಈ ವಾಕ್ಯ ಸರಿ. ಆದರೆ ‘ದ ಕೆನಾಲ್ ಈಸ್ ರನ್ನಿಂಗ್’ ಅಂದಿರೋ, ನೀರು ಬಿಟ್ಟಿದ್ದಾರೆ ಅಂತ ಅರ್ಥ. ಇಷ್ಟೇ ವ್ಯತ್ಯಾಸ. ಮೊದಲನೆಯದು ಕಾಲುವೆಯ ದಾರಿ ಹೇಳುತ್ತೆ, ಎರಡನೆಯದು ಈ ಹೊತ್ತಿನ ನೀರು ಹೇಳುತ್ತೆ. ನೀರು ನಿಂತು ಹೋದರೆ ‘ದ ಕೆನಾಲ್ ಹ್ಯಾಸ್ ರನ್ ಡ್ರೈ’.

ಈ ‘ರನ್ ಡ್ರೈ’ ಇದೆಯಲ್ಲ, ಇದು ಒಂದು ದೊಡ್ಡ ಕುಟುಂಬ. ರನ್ ಲೋ, ರನ್ ಶಾರ್ಟ್, ರನ್ ಲೇಟ್, ರನ್ ಹೈ, ರನ್ ವೈಲ್ಡ್. ಇಲ್ಲೆಲ್ಲ ರನ್ ಅಂದರೆ ನಮ್ಮ ‘ಆಗ್ತಾ ಹೋಗು’. ಡೀಸೆಲ್ ಕಡಿಮೆ ಆಗ್ತಾ ಬಂತು, ರೈಲು ಲೇಟಾಗಿ ಬರ್ತಾ ಇದೆ. ‘ಹಂಪಿ ಎಕ್ಸ್‌ಪ್ರೆಸ್ ರನ್ಸ್ ಡೈಲಿ’ ಅಂದರೆ ದಿನಾ ಉಂಟು ಅಂತ. ‘ಈಸ್ ರನ್ನಿಂಗ್ ಲೇಟ್’ ಅಂದರೆ ಇವತ್ತು ನಿಮ್ಮ ಗ್ರಹಚಾರ ಅಂತ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತು. ತುಂಬಿದ ಡ್ಯಾಮು, ನೀರು ಸುಮ್ನೆ ಹೊಳೆಗೆ ಹರಿದು ಹೋಯಿತು. ಅದಕ್ಕೆ ಇಂಗ್ಲಿಷಿನಲ್ಲಿ ‘ದ ವಾಟರ್ ರ್ಯಾನ್ ಟು ವೇಸ್ಟ್’ ಅಂತಾರೆ. ಆ ವಾರ ನಮ್ಮ ಕಡೆಯ ರೈತರ ಎದೆಯಲ್ಲಿ ಓಡ್ತಿದ್ದದ್ದು ಮಾತ್ರ ಬೇರೆ.

ಈಗ ನನ್ನ ಪೆಟ್ಟಿನ ಕತೆ. ಬಳ್ಳಾರಿ ಜೀನ್ಸ್ ಗೊತ್ತಲ್ಲ, ಇಲ್ಲಿ ಓಣಿ ಓಣಿಯಲ್ಲಿ ಹೊಲೀತಾರೆ. ಪರಿಚಯದವರೊಬ್ಬರದು ಒಂದು ಸಣ್ಣ ಯುನಿಟ್ಟು. ಹೊರಗಿನಿಂದ ಒಬ್ಬರು ಮಾಲು ನೋಡೋಕೆ ಬರ್ತಾರೆ, ಇಂಗ್ಲಿಷ್ ಮಾತಾಡೋಕೆ ನೀವು ಇರಿ ಅಂತ ನನ್ನನ್ನು ಕರೆದಿದ್ದರು. ನಾನು ಹತ್ತು ನಿಮಿಷ ಲೇಟಾದೆ. ಅಷ್ಟರಲ್ಲಿ ಆ ಮನುಷ್ಯ ಕಡು ನೀಲಿಯ ಒಂದು ಪ್ಯಾಂಟ್ ಕೈಯಲ್ಲಿ ಹಿಡಿದು, ಬೆರಳಿನಿಂದ ಉಜ್ಜಿ, ‘ವಿಲ್ ಇಟ್ ರನ್?’ ಅಂತ ಕೇಳಿದ್ದಾರೆ. ನಮ್ಮವರಿಗೆ ಖುಷಿಯೋ ಖುಷಿ. ಬಜಾರಿನಲ್ಲಿ ನಾವು ‘ಈ ಮಾಲು ಓಡುತ್ತಾ’ ಅಂತೀವಲ್ಲ, ಅದೇ ಪ್ರಶ್ನೆ ಅಂದುಕೊಂಡರು. ಎದೆ ಉಬ್ಬಿಸಿ ‘ಯೆಸ್ ಸರ್, ರನ್ನಿಂಗ್ ವೆರಿ ಫಾಸ್ಟ್, ಆಲ್ ಇಂಡಿಯಾ ರನ್ನಿಂಗ್’ ಅಂದುಬಿಟ್ಟರು. ಬಂದವರು ಪ್ಯಾಂಟನ್ನು ಮೆಲ್ಲಗೆ ಟೇಬಲ್ ಮೇಲಿಟ್ಟು ಕೈ ಒರೆಸಿಕೊಂಡರಂತೆ. ಅವರು ಕೇಳಿದ್ದು ‘ಬಣ್ಣ ಬಿಡುತ್ತಾ’ ಅಂತ. ನಮ್ಮವರು ಹೇಳಿದ್ದು ‘ಭಾರೀ ಜೋರಾಗಿ ಬಿಡುತ್ತೆ ಸಾರ್, ಇಂಡಿಯಾ ತುಂಬಾ ಬಿಡುತ್ತೆ’.

ನಾನು ಒಳಗೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ಕೂತಿದ್ದರು, ಮಧ್ಯೆ ಆ ಪ್ಯಾಂಟು. ನಾನು ಸರಿ ಮಾಡೋಕೆ ಹೋದೆ. ‘ನೋ ನೋ, ದ ಕಲರ್ ಈಸ್ ಫಾಸ್ಟ್’ ಅಂದೆ. ಬಟ್ಟೆ ಧಂಧೆಯಲ್ಲಿ ಫಾಸ್ಟ್ ಅಂದರೆ ಗಟ್ಟಿ, ಬಣ್ಣ ಬಿಡೋದಿಲ್ಲ ಅಂತ. ಆದರೆ ಆಗ ತಾನೇ ‘ರನ್ನಿಂಗ್ ಫಾಸ್ಟ್’ ಕೇಳಿದವರಿಗೆ ನನ್ನ ‘ಫಾಸ್ಟ್’ ಉಪ್ಪಿನ ಮೇಲೆ ಖಾರ. ಇಪ್ಪತ್ತು ನಿಮಿಷ ಬೇಕಾಯ್ತು ಬಿಡಿಸೋಕೆ. ಕೊನೆಗೆ ಒಂದು ಬಕೆಟ್ ನೀರು ತರಿಸಿ ಪ್ಯಾಂಟನ್ನು ಅದ್ದಿ ಎತ್ತಿದೆವು. ನೀರು ಸ್ವಲ್ಪ ನೀಲಿಯಾಯಿತು, ಅದು ಬೇರೆ ಮಾತು.

ಈ ಕತೆಯಲ್ಲಿ ಒಂದು ವಿಷಯ ಗಮನಿಸಿ. ನಮ್ಮವರು ದಡ್ಡರಲ್ಲ. ಕನ್ನಡದ ‘ಓಡು’ಗೂ ಬೇಕಾದಷ್ಟು ಅರ್ಥ ಇದೆ: ಮಾಲು ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ, ಮೀಟರ್ ಓಡುತ್ತೆ, ತಲೆ ಓಡಲ್ಲ. ಇದರಲ್ಲಿ ಕೆಲವು ಇಂಗ್ಲಿಷಿನ ರನ್ ಜತೆ ಕೂಡುತ್ತವೆ. ಸಿನಿಮಾ, ಮೀಟರ್ ಕೂಡುತ್ತವೆ. ಮಾಲು ಕೂಡೋದಿಲ್ಲ, ಅಲ್ಲಿ ಅವರು ‘ಸೆಲ್’ ಅನ್ನುತ್ತಾರೆ. ತಲೆಯೂ ಕೂಡೋದಿಲ್ಲ. ಅರ್ಧ ಕೂಡಿ ಅರ್ಧ ಕೂಡದಿರುವ ಪದವೇ ಮೋಸ ಮಾಡೋದು. ಪೂರ್ತಿ ಬೇರೆ ಇದ್ದಿದ್ದರೆ ನಾವು ಮೊದಲೇ ಹುಷಾರಾಗಿರುತ್ತಿದ್ದೆವು.

ನಮ್ಮ ಕಡೆ ಬಳಸುವ ‘ರನ್ನಿಂಗ್’ ಬೇರೆಯೇ ಒಂದು ಜಾತಿ. ‘ಗಾಡಿ ರನ್ನಿಂಗ್ ಕಂಡೀಷನ್ ಐತ್ರಿ’ ಅಂತ ಹಳೇ ಬೈಕ್ ಮಾರೋರು ಹೇಳ್ತಾರೆ. ಬಡಗಿ ರನ್ನಿಂಗ್ ಫೂಟ್ ಲೆಕ್ಕ ಹೇಳ್ತಾನೆ. ಟೈಲರ್ ರನ್ನಿಂಗ್ ಹೊಲಿಗೆ ಹಾಕ್ತಾನೆ. ಇವೆಲ್ಲ ಇಂಗ್ಲಿಷಿನಲ್ಲೂ ಸರಿಯೇ. ಆದರೆ ‘ನನಗೆ 25 ರನ್ನಿಂಗ್’ ಅಂತೀವಲ್ಲ, ಅದು ನಮ್ಮದೇ ಮಾಲು. ‘25 ನಡೀತಾ ಇದೆ’ ಅನ್ನೋ ಮಾತಿಗೆ ಕೋಟು ಹಾಕಿಸಿದ್ದು. ಬಯೋಡೇಟಾದಲ್ಲಿ ಹಾಗೆ ಬರೀಬೇಡಿ, ‘ಐ ಆಮ್ 24’ ಅಂತ ಬರೆಯಿರಿ. ಹಾಗೇ ‘ಮೈ ಮೊಬೈಲ್ ಈಸ್ ನಾಟ್ ರನ್ನಿಂಗ್’ ಅನ್ನೋದೂ ಬೇಡ. ಇಂಜಿನ್ನು, ಮೋಟರು, ಸಾಫ್ಟ್‌ವೇರ್ ರನ್ ಆಗುತ್ತವೆ. ಫೋನು, ಪೆನ್ನು, ಲೈಟು, ಕಾಲ್‌ಬೆಲ್ಲು ‘ವರ್ಕ್’ ಆಗುತ್ತವೆ.

ಚುನಾವಣೆ ಬಂದರೆ ಇನ್ನೊಂದು ತಮಾಷೆ. ನಾವು ಚುನಾವಣೆಗೆ ‘ನಿಲ್ತೀವಿ’. ಬ್ರಿಟಿಷರೂ ನಿಲ್ತಾರೆ, ‘ಸ್ಟ್ಯಾಂಡ್’ ಅನ್ನುತ್ತಾರೆ. ಅಮೆರಿಕದವರು ‘ರನ್’ ಅನ್ನುತ್ತಾರೆ, ಅಂದರೆ ಓಡ್ತಾರೆ. 1999ರಲ್ಲಿ ನಮ್ಮ ಬಳ್ಳಾರಿಗೆ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಬ್ಬರೂ ಬಂದು ನಿಂತರಲ್ಲ, ಅದೇ ಸುದ್ದಿಯನ್ನು ಲಂಡನ್ ಇಂಗ್ಲಿಷಿನಲ್ಲಿ ಬರೆದರೆ ‘ಸ್ಟುಡ್’, ಅಮೆರಿಕದ ಇಂಗ್ಲಿಷಿನಲ್ಲಿ ಬರೆದರೆ ‘ರ್ಯಾನ್’. ಗೆದ್ದದ್ದು ಸೋನಿಯಾ ಅನ್ನೋದು ಮಾತ್ರ ಎರಡೂ ಕಡೆ ಒಂದೇ. ನಿಂತು ಗೆಲ್ಲೋದಕ್ಕಿಂತ ಓಡಿ ಗೆಲ್ಲೋದೇ ಸರಿಯಾದ ಮಾತು ಅಂತ ನನಗೆ ಆಗ ಅನ್ನಿಸಿತ್ತು. ಆ ತಿಂಗಳು ಊರಲ್ಲಿ ಕಾರುಗಳ ಓಡಾಟ ಹಾಗಿತ್ತು.

ಮೇಲ್ ಓದುವವರಿಗೆ ನಿಜವಾಗಿ ತೊಂದರೆ ಕೊಡೋದು ರನ್ ಹಿಂದೆ ಬರುವ ಚಿಕ್ಕ ಪದಗಳು. ಔಟ್, ಬೈ, ಓವರ್, ಅಪ್, ಡೌನ್, ಇನ್ಟು. ನಿಮ್ಮ ಕೆಲಸಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ.

ರನ್ ಔಟ್. ಕ್ರಿಕೆಟ್ ಬಿಟ್ಟರೆ ಇದರರ್ಥ ಖಾಲಿಯಾಗು. ಇದನ್ನು ಎರಡು ಕಡೆಯಿಂದ ಹೇಳಬಹುದು. ಖಾಲಿಯಾಗುವ ವಸ್ತುವಿನಿಂದ ಶುರು ಮಾಡಿದರೆ ‘ದ ಪ್ಯಾಡಿ ಹ್ಯಾಸ್ ರನ್ ಔಟ್’: ನೆಲ್ಲು ಮುಗಿದಿದೆ. ನಮ್ಮಿಂದ ಶುರು ಮಾಡಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಪ್ಯಾಡಿ’. ಎರಡನೆಯದಕ್ಕೆ ‘ಆಫ್’ ಬೇಕೇ ಬೇಕು. ‘ಪ್ಯಾಡಿ ಹ್ಯಾಸ್ ರನ್ ಔಟ್ ಆಫ್ ಮಿಲ್’ ಅಂತ ಬರೆದುಬಿಟ್ಟರೆ ಮಾತ್ರ ನೆಲ್ಲಿಗೆ ಕಾಲು ಬಂದು ಗೇಟ್ ದಾಟಿ ಓಡಿ ಹೋದಂತೆ. ನಿಮ್ಮ ಮೇಲ್‌ನಲ್ಲಿ ‘ರನ್ನಿಂಗ್’ ಇದೆ, ‘ಹ್ಯಾವ್ ರನ್’ ಇಲ್ಲ. ಅಂದರೆ ಇನ್ನೂ ಪೂರ್ತಿ ಖಾಲಿಯಾಗಿಲ್ಲ, ಆಗ್ತಾ ಇದೆ. ಪಾರ್ಟಿಗೆ ಇದು ಮುಖ್ಯ, ಯಾಕಂದ್ರೆ ಹಳೇ ಸೋನಾ ಮಸೂರಿ ಉದುರುದುರಾಗಿ ಬೇಯುತ್ತೆ, ರೇಟೂ ಜಾಸ್ತಿ. ಇರುವಷ್ಟನ್ನು ಅವರು ಹಿಡೀಬೇಕು ಅಂತ ನೋಡ್ತಿದ್ದಾರೆ. ನಿಮ್ಮ ಮಾಲೀಕರಿಗೆ ಇದನ್ನು ಮೊದಲು ಹೇಳಿ, ರೇಟ್ ಮಾತಾಡೋಕೆ ಉಪಯೋಗಕ್ಕೆ ಬರುತ್ತೆ.

ರನ್ ಬೈ. ಮಧ್ಯೆ ಒಂದು ವಸ್ತು ಇದ್ದೇ ಇರುತ್ತೆ: ಏನನ್ನು ರನ್, ಯಾರ ಬೈ. ‘ರನ್ ದ ರೇಟ್ ಬೈ ಓನರ್’ ಅಂದರೆ ರೇಟನ್ನು ಓನರ್ ಕಣ್ಣ ಮುಂದೆ ಒಮ್ಮೆ ಹಾಯಿಸು. ಒಪ್ಪಿಗೆ ತಗೋ ಅನ್ನುವಷ್ಟು ಗಟ್ಟಿಯಲ್ಲ, ಒಂದು ಮಾತು ಕೇಳಿ ನೋಡು ಅಂತ. ಅದಕ್ಕೇ ಹೇಳಿದ್ದು, ಆ ಪಾರ್ಟಿ ಹುಕುಂ ಮಾಡ್ತಾ ಇಲ್ಲ, ಮೆತ್ತಗೆ ಕೇಳ್ತಾ ಇದ್ದಾರೆ.

ರನ್ ಅಪ್ ಅಂದರೆ ಸಾಲ ಏರಿಸು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸ್ತಾ ಬರೆಸ್ತಾ ತಿಂಗಳ ಕೊನೆಗೆ ನೋಡಿದರೆ ಎದೆ ಧಸಕ್ ಅನ್ನುತ್ತಲ್ಲ, ಅದೇ ‘ರನ್ ಅಪ್ ಎ ಬಿಲ್’. ರನ್ ಇನ್ಟು ಅಂದರೆ ಅಚಾನಕ್ ಸಿಗು, ಇಲ್ಲ ಡಿಕ್ಕಿ ಹೊಡಿ. ನೋಡಿ, ಇಲ್ಲೂ ‘ಹೊಡಿ’ ಬಂತು. ರನ್ ಓವರ್ ಬಗ್ಗೆ ಮಾತ್ರ ಎಚ್ಚರ. ‘ಲೆಟ್ ಅಸ್ ರನ್ ಓವರ್ ದ ಅಕೌಂಟ್ಸ್’ ಅಂದರೆ ಲೆಕ್ಕದ ಮೇಲೆ ಒಮ್ಮೆ ಕಣ್ಣಾಡಿಸೋಣ. ‘ದ ಮೀಟಿಂಗ್ ರ್ಯಾನ್ ಓವರ್’ ಅಂದರೆ ಹೇಳಿದ ಹೊತ್ತಿಗಿಂತ ಎಳೀತು. ಆದರೆ ರನ್ ಓವರ್ ಹಿಂದೆ ಮನುಷ್ಯ ಬಂದರೆ ಅವನ ಮೇಲೆ ಗಾಡಿ ಹತ್ತಿತು. ‘ಐ ರ್ಯಾನ್ ಓವರ್ ದ ಅಕೌಂಟೆಂಟ್’ ಅಂತ ಬರೆದರೆ ಪೊಲೀಸರು ಬರ್ತಾರೆ. ರನ್ ಡೌನ್‌ಗೂ ಇದೇ ಕಾಟ: ಬ್ಯಾಟರಿ ಆದರೆ ಇಳಿಯಿತು, ಮನುಷ್ಯ ಆದರೆ ಗುದ್ದಿತು ಅಥವಾ ಬೆನ್ನ ಹಿಂದೆ ಆಡಿಕೊಂಡರು.

ಕಲಿಯೋದು ಹೇಗೆ ಅಂತ ಕೇಳಿದ್ದಿರಿ. ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ನಾನು ವರ್ಷಗಟ್ಟಲೆ ಮಾಡಿಸಿದ್ದೇನೆ, ಪರೀಕ್ಷೆ ಮುಗಿದ ಮರುದಿನ ಯಾರ ತಲೆಯಲ್ಲೂ ಉಳಿದಿರಲಿಲ್ಲ. ನಿಮ್ಮ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ, ಮೇಲ್‌ನಲ್ಲಿ ರನ್ ಬಂದಾಗೆಲ್ಲ ಆ ಪೂರ್ತಿ ವಾಕ್ಯ ಬರೆದುಕೊಳ್ಳಿ. ಪಕ್ಕದಲ್ಲಿ ಮಿಲ್‌ನಲ್ಲಿ ನೀವು ಅದನ್ನೇ ಹೇಗೆ ಅಂತೀರೋ ಹಾಗೆ ಬರೆಯಿರಿ. ಪುಸ್ತಕದ ಕನ್ನಡ ಬೇಡ. ‘ಸ್ಟಾಕ್ ಖಾಲಿಯಾಗಾಕ ಬಂದೈತಿ’ ಅಂತಲೇ ಬರೆಯಿರಿ. ಮೂವತ್ತು ವಾಕ್ಯ ಆಗುವಷ್ಟರಲ್ಲಿ ನಿಮ್ಮ ಧಂಧೆಗೆ ಬೇಕಾದ ರನ್ ಎಲ್ಲ ಅದರಲ್ಲಿ ಬಂದಿರುತ್ತೆ. ಉಳಿದ ಆರುನೂರು ನಿಘಂಟಿನವರಿಗೆ ಇರಲಿ.

ಇನ್ನು ಆ ಮೂರನೆಯದು. ‘ರನ್ ಆಫ್ ದ ಮಿಲ್’ನಲ್ಲಿ ರನ್ ಕ್ರಿಯಾಪದವೇ ಅಲ್ಲ, ನಾಮಪದ. ಮಿಲ್‌ನಿಂದ ಹೊರಬಿದ್ದ ಮಾಲು, ಗ್ರೇಡ್ ಮಾಡದೆ, ಒಳ್ಳೇದು ಕೆಟ್ಟದು ಆರಿಸದೆ ಇರುವಂಥದು ಅಂತ ಅದರ ಮೂಲ ಅರ್ಥ. ಸಂಡೂರಿನ ಅದಿರು ಗಣಿಗಳಲ್ಲಿ ಯಾರನ್ನಾದರೂ ಕೇಳಿ, ಗಣಿಯಿಂದ ಎತ್ತಿದ ಹಾಗೇ ಇರುವ, ಜರಡಿ ಹಿಡಿಯದ ಅದಿರಿಗೆ ‘ಆರ್‌ಓಎಂ’ ಅಂತಾರೆ. ಅದು ‘ರನ್ ಆಫ್ ಮೈನ್’. ಅದರ ಅಣ್ಣ ಈ ‘ರನ್ ಆಫ್ ದ ಮಿಲ್’. ಬರ್ತಾ ಬರ್ತಾ ಇದು ಯಾವುದೇ ಮಾಮೂಲಿ, ಸಾದಾ ವಸ್ತುವಿಗೆ ಹೇಳುವ ಮಾತಾಯಿತು. ನಿಮ್ಮ ಪಾರ್ಟಿ ಬರೆದಿರೋದು ‘ನಾಟ್’ ಸೇರಿಸಿ. ಅಂದರೆ ‘ನಿಮ್ಮ ಅಕ್ಕಿ ಎಲ್ಲರ ಹತ್ತಿರ ಸಿಗುವಂಥ ಮಾಮೂಲಿ ಅಕ್ಕಿ ಅಲ್ಲ’. ಹೊಗಳಿದ್ದಾರೆ ಮಾರಾಯ್ರೆ! ಈಗಲೇ ಎದ್ದು ಮಾಲೀಕರ ಹತ್ತಿರ ಹೋಗಿ. ಹೋದ ವಾರದ ಅರ್ಥ ತಪ್ಪಾಗಿತ್ತು ಅಂತ ಒಪ್ಪಿಕೊಳ್ಳಿ, ಬೈದರೆ ಬೈಸಿಕೊಳ್ಳಿ, ಆಮೇಲೆ ಈ ಎರಡು ಸಾಲು ಕಳಿಸಿ: ‘ಥ್ಯಾಂಕ್ ಯು ಫಾರ್ ಯುವರ್ ಕೈಂಡ್ ವರ್ಡ್ಸ್. ಐ ಹ್ಯಾವ್ ರನ್ ದ ನ್ಯೂ ರೇಟ್ ಬೈ ಅವರ್ ಓನರ್’. ರೇಟಿಗೆ ಮಾಲೀಕರು ಏನಂದರು ಅನ್ನೋದನ್ನು ಮೂರನೇ ಸಾಲಿನಲ್ಲಿ ನೀವೇ ಬರೆಯಿರಿ, ಅದಕ್ಕೆ ರನ್ ಬೇಕಾಗೋದಿಲ್ಲ.